ಬಾಣಂತಿಯ ಲೆಕ್ಕ ನಲವತ್ತೆರಡನೇ ದಿನಕ್ಕೆ ಮುಗಿಯುತ್ತದೆಯೇ?

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಸಂಶಯ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಗದ್ದಲವೆದ್ದಿತು, ರಾಜ್ಯದ ಔಷಧ ನಿಯಂತ್ರಕರ ತಲೆದಂಡವಾಯಿತು, ತಾಯಂದಿರ ಸಾವುಗಳ ಪರಿಶೋಧನೆಗೆ ಆದೇಶವಾಯಿತು. 2025ರ ಏಪ್ರಿಲಿನಲ್ಲಿ ಹೊರಬಂದ ಆ ವರದಿಯ ಪ್ರಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸತ್ತ ತಾಯಂದಿರು 464. ಇವುಗಳಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು.

ಗೊಂದಲ ಶುರುವಾದದ್ದು ಆಮೇಲೆ. ತಾಯಿ ಮರಣ ತಗ್ಗಿಸಲು ಸರ್ಕಾರ ಹಿಡಿದ ದಾರಿಗಳಲ್ಲಿ ಒಂದು, ಹೆರಿಗೆ ಕಡಿಮೆ ನಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞ ವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಒಯ್ದು, ಅಲ್ಲಿ ಹಗಲು ರಾತ್ರಿ ತುರ್ತು ಹೆರಿಗೆ ಸೇವೆ ಸಿಗುವಂತೆ ಮಾಡುವುದು. ಸುದ್ದಿ ಓದಿದ ಉತ್ತರ ಕನ್ನಡದವರಿಗೆ ಇದು ಒಗಟಿನಂತೆ ಕಂಡರೆ ಆಶ್ಚರ್ಯವಿಲ್ಲ. ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಕೂಗಿದ ಜಿಲ್ಲೆ ಇದು. ಇಲ್ಲಿ ಇರುವ ವೈದ್ಯರನ್ನೂ ಹತ್ತಿರದ ಆಸ್ಪತ್ರೆಯಿಂದ ಎತ್ತಿ ದೂರ ಕೂರಿಸಿದರೆ ತಾಯಿ ಉಳಿಯುವುದು ಹೇಗೆ? ಇದರ ಜೊತೆಗೇ ಹೆರಿಗೆ ನಂತರದ ಖಿನ್ನತೆಯ ಮಾತೂ ಸೇರಿಕೊಂಡಿದೆ. ರಕ್ತಸ್ರಾವಕ್ಕೂ ಮನಸ್ಸಿಗೂ ಏನು ಸಂಬಂಧ ಎಂಬುದು ಎರಡನೇ ಪ್ರಶ್ನೆ. ಎರಡೂ ಒಂದೇ ಕಡೆ ಬಂದು ಸೇರುತ್ತವೆ: ಬಾಣಂತಿಯನ್ನು ಯಾರು ನೋಡುತ್ತಾರೆ, ಎಲ್ಲಿಯವರೆಗೆ?

ಅಂಕಿಯ ಒಳಗೆ

ತಾಯಿ ಮರಣ ಪ್ರಮಾಣ ಎಂದರೆ ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸತ್ತರು ಎಂಬ ಲೆಕ್ಕ. ಬಸಿರಿನಲ್ಲಿ ಅಥವಾ ಬಸಿರು ಮುಗಿದ 42 ದಿನಗಳೊಳಗೆ, ಬಸಿರು–ಹೆರಿಗೆಗೆ ಸಂಬಂಧಪಟ್ಟ ಕಾರಣದಿಂದ ಸತ್ತರೆ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಬಸ್ ಅಪಘಾತ, ಹಾವು ಕಡಿತ ಬರುವುದಿಲ್ಲ. 2018–20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಭಾರತದ ಪ್ರಮಾಣ 97, ಕರ್ನಾಟಕದ್ದು 69. ದೇಶದ ಸರಾಸರಿಗಿಂತ ವಾಸಿ ಎನ್ನಬಹುದು. ಆದರೆ ಅದೇ ಪಟ್ಟಿಯಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯಗಳ ಸಾಲಿನಲ್ಲಿ ನಮ್ಮದು ಕೊನೆಯ ಜಾಗ. 2030ರೊಳಗೆ 70ಕ್ಕಿಂತ ಕೆಳಗಿಳಿಸಬೇಕೆಂಬ ವಿಶ್ವಸಂಸ್ಥೆಯ ಗುರಿಯನ್ನು ಕರ್ನಾಟಕ ಆಗಲೇ ಮುಟ್ಟಿದೆ ಎಂದು ಬೆನ್ನು ತಟ್ಟಿಕೊಳ್ಳುವವರು ಈ ಸಾಲನ್ನೂ ಓದಬೇಕು.

ಜಿಲ್ಲಾ ಮಟ್ಟದಲ್ಲಿ ಈ ಪ್ರಮಾಣವನ್ನು ನಂಬುವುದು ಕಷ್ಟ. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ 20 ಸಾವಿರ ಹೆರಿಗೆಗಳಾಗುತ್ತವೆ ಎಂದುಕೊಳ್ಳಿ. ಹನ್ನೆರಡು ತಾಯಂದಿರು ಸತ್ತರೆ ಪ್ರಮಾಣ 60, ಹದಿನಾರಾದರೆ 80. ನಾಲ್ಕು ಸಾವು ಜಿಲ್ಲೆಯ ಹಣೆಬರಹವನ್ನೇ ಬದಲಿಸಿಬಿಡುತ್ತವೆ. ಆದ್ದರಿಂದ ‘ಈ ವರ್ಷ ಇಷ್ಟು ಏರಿತು, ಆ ವರ್ಷ ಅಷ್ಟು ಇಳಿಯಿತು’ ಎಂಬ ಜಿಲ್ಲಾ ಸುದ್ದಿಗಳಿಗಿಂತ ಒಂದೊಂದು ಸಾವಿನ ಹಿಂದಿನ ಕತೆಯೇ ಹೆಚ್ಚು ಹೇಳುತ್ತದೆ. ತಾಯಿ ಮರಣ ಪರಿಶೋಧನೆಯ ನಿಯಮವೂ ಇದನ್ನೇ ಬಯಸುತ್ತದೆ. ಆಸ್ಪತ್ರೆಯ ದಾಖಲೆ ನೋಡಬೇಕು, ಮನೆಗೆ ಹೋಗಿ ಕೇಳಬೇಕು, ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ವಿಮರ್ಶೆಯಾಗಬೇಕು.

ಮೂವರು ಒಂದೇ ಸೂರಿನಡಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗಿನ ಗುರಿಯೇ ಅದಾಗಿತ್ತು: ಮನೆಯಲ್ಲಿ ಬೇಡ, ಆಸ್ಪತ್ರೆಗೆ ಬನ್ನಿ. ತಾಯಂದಿರು ಬಂದರು. ಈಗಿನ ಪ್ರಶ್ನೆ, ಬಂದ ಆಸ್ಪತ್ರೆಯಲ್ಲಿ ಏನಿದೆ ಎಂಬುದು.

ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಲು ಎರಡು ತಾಸು ಸಾಕು ಎಂಬುದು ಈ ಕ್ಷೇತ್ರದ ಹಳೆಯ ಅಂದಾಜು. ಆ ಎರಡು ತಾಸಿನಲ್ಲಿ ಬೇಕಾದದ್ದು ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್, ಹೊಂದುವ ರಕ್ತ, ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಪ್ರಸೂತಿ ತಜ್ಞರೊಬ್ಬರೇ ಸಾಲದು. ಅರಿವಳಿಕೆ ತಜ್ಞರು ಬೇಕು, ಮಗುವಿಗೆ ಮಕ್ಕಳ ತಜ್ಞರು ಬೇಕು. ಈ ಮೂವರಲ್ಲಿ ಒಬ್ಬರು ಇಲ್ಲಿ, ಇನ್ನೊಬ್ಬರು ಮೂವತ್ತು ಕಿಲೋಮೀಟರ್ ಆಚೆ ಇದ್ದರೆ ಎರಡು ಕಡೆಯೂ ಸಿಸೇರಿಯನ್ ಆಗುವುದಿಲ್ಲ. ಅರಿವಳಿಕೆ ತಜ್ಞರಿಲ್ಲದ ಕೇಂದ್ರದ ಪ್ರಸೂತಿ ತಜ್ಞೆ, ನುರಿತ ದಾದಿ ಮಾಡಿಸಬಹುದಾದ ಸಹಜ ಹೆರಿಗೆಯನ್ನೇ ಮಾಡಿಸಿ, ತೊಡಕು ಬಂದಾಗ ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಸಂಬಳ ತಜ್ಞೆಯದು, ಕೆಲಸ ಗುಮಾಸ್ತರದು.

ಕೈ ಪಳಗುವ ವಿಷಯವೂ ಇದೆ. ನೂರು ಬಸಿರಲ್ಲಿ ಸುಮಾರು ಹದಿನೈದಕ್ಕೆ ಏನಾದರೊಂದು ಗಂಭೀರ ತೊಡಕು ಬರುತ್ತದೆ ಎಂಬುದು ವಿಶ್ವಸಂಸ್ಥೆ ಬಳಸುವ ಅಂದಾಜು. ತಿಂಗಳಿಗೆ ಹತ್ತು ಹೆರಿಗೆಯಾಗುವ ಕಡೆ ತೊಡಕಿನ ಪ್ರಕರಣ ಒಂದೋ ಎರಡೋ. ಅದು ರಾತ್ರಿ ಎರಡು ಗಂಟೆಗೇ ಬರಬಹುದು, ಒಬ್ಬರೇ ತಜ್ಞರು ವಾರದ ಏಳೂ ರಾತ್ರಿ ಎಚ್ಚರವಿರಲಾರರು. ಈ ಗಣಿತದಲ್ಲಿ ಸರ್ಕಾರದ ವಾದ ಸರಿಯಾಗಿದೆ. ಹತ್ತು ಕಡೆ ಅರೆಬರೆ ಇರುವುದಕ್ಕಿಂತ ಐದು ಕಡೆ ಪೂರ್ತಿ ಇರುವುದು ಒಳಿತು.

ಘಟ್ಟ ಒಪ್ಪಬೇಕಲ್ಲ

ಆದರೆ ಈ ಗಣಿತ ಬಯಲುಸೀಮೆಯ ರಸ್ತೆಯನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡ ಜಿಲ್ಲೆ. ಬಹುಪಾಲು ಕಾಡು, ನಡುವೆ ಘಟ್ಟ, 2011ರ ಜನಗಣತಿಯಲ್ಲಿ ಜನ 14.37 ಲಕ್ಷ. ಶಿರಸಿಯಿಂದ ಕುಮಟೆಗೆ ಅರವತ್ತು ಕಿಲೋಮೀಟರ್ ಆಸುಪಾಸು. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಅರವತ್ತು ಅರವತ್ತಾಗಿ ಉಳಿಯುವುದಿಲ್ಲ, ಕಾಮಗಾರಿಗಾಗಿ ಆ ರಸ್ತೆ ಮುಚ್ಚಿದ್ದೂ ಇದೆ. ಜೋಯಿಡಾದಿಂದ ಕಾರವಾರಕ್ಕೆ ಅಣಶಿ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿಯ ಹೆದ್ದಾರಿಯೇ ದಿನಗಟ್ಟಲೆ ಬಂದಾಯಿತು. ಮೂರು ವಾರದ ಬಳಿಕ ಆಗಸ್ಟಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ನದಿಗೆ ಬಿತ್ತು. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ‘ಹತ್ತಿರದ ಆಸ್ಪತ್ರೆ’ ಯಾವುದೆಂದು ತೀರ್ಮಾನಿಸುವುದು ಕಿಲೋಮೀಟರ್ ಅಲ್ಲ, ಯಾವ ರಸ್ತೆ ತೆರೆದಿದೆ ಎಂಬುದು.

ಜಿಲ್ಲೆಯ ಜನ ಸಿಟ್ಟಾಗುವುದಕ್ಕೆ ಇತಿಹಾಸವೂ ಇದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. (ಎರಡೂ ಶಿರೂರುಗಳು ಬೇರೆ ಬೇರೆ, ದುರದೃಷ್ಟ ಮಾತ್ರ ಒಂದೇ ಹೆಸರು ಹಿಡಿದಂತಿದೆ.) ಆಗಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಸಾಮಾಜಿಕ ಜಾಲತಾಣಗಳಲ್ಲಿ ಕಾವೇರಿದ್ದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದು ವರ್ಷಗಳಾದರೂ ಕಠಿಣ ಪ್ರಕರಣ ಎದುರಾದಾಗ ಕರಾವಳಿಯವರು ಮಣಿಪಾಲ–ಮಂಗಳೂರಿನತ್ತ ಅಥವಾ ಗೋವಾದತ್ತ, ಘಟ್ಟದ ಮೇಲಿನವರು ಹುಬ್ಬಳ್ಳಿಯತ್ತ ಮುಖ ಮಾಡುವುದು ತಪ್ಪಿಲ್ಲ.

ಹಾಗಾದರೆ ತಜ್ಞರನ್ನು ಒಟ್ಟುಗೂಡಿಸುವುದು ತಪ್ಪೇ? ತಪ್ಪಲ್ಲ, ಅರ್ಧ ಕೆಲಸ. ತಜ್ಞರು ತಾಯಿಯಿಂದ ದೂರ ಸರಿದರೆ ತಾಯಿ ಮೊದಲೇ ತಜ್ಞರ ಹತ್ತಿರ ಬಂದಿರಬೇಕು. ಇದಕ್ಕೆ ಬೇರೆ ರಾಜ್ಯಗಳಲ್ಲಿ ಪರಿಹಾರ ಸಿಕ್ಕಿದೆ. ಮಹಾರಾಷ್ಟ್ರದ ಗಡಚಿರೋಲಿಯ ಕಾಡಿನ ಹಳ್ಳಿಗಳಿಂದ ದಿನ ತುಂಬಿದ ಗರ್ಭಿಣಿಯರು ಆಸ್ಪತ್ರೆಯ ಪಕ್ಕದ ‘ಮಾಹೇರ್ ಘರ್’ನಲ್ಲಿ ಬಂದು ಉಳಿಯುತ್ತಾರೆ, ಒಡಿಶಾದಲ್ಲಿ ಇದಕ್ಕೆ ‘ಮಾ ಗೃಹ’ ಎನ್ನುತ್ತಾರೆ. ಮರಾಠಿಯ ಮಾಹೇರ್ ಎಂದರೆ ತವರು. ಹೆಸರಿಟ್ಟವರಿಗೆ ಬಾಣಂತನ ಗೊತ್ತಿತ್ತು. ಜೋಯಿಡಾದ ಕುಣಬಿ ಮನೆಯ ಬಸುರಿಗೆ, ಯಲ್ಲಾಪುರದ ಒಳಗಿನ ಸಿದ್ದಿ ಕೇರಿಯ ಬಸುರಿಗೆ ಮಳೆಗಾಲದಲ್ಲಿ ತಾಲ್ಲೂಕು ಆಸ್ಪತ್ರೆಯ ಕೂಗಳತೆಯಲ್ಲಿ ಹತ್ತು ದಿನ ಉಳಿಯಲು ಒಂದು ಕೋಣೆ, ಜೊತೆಗೆ ಬಂದವರಿಗೆ ಊಟ, ಬಿಟ್ಟುಬಂದ ಕೂಲಿಗೆ ಒಂದಿಷ್ಟು ಪರಿಹಾರ ಸಿಕ್ಕರೆ 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಿಲ್ಲ. ವೈದ್ಯರ ವರ್ಗಾವಣೆಯ ಜೊತೆಜೊತೆಗೆ ಇದು ಬಾರದಿದ್ದರೆ, ಕಾಗದದ ಮೇಲೆ ಸರಿಯಾದ ನಿರ್ಧಾರ ಇಲ್ಲಿನ ರಸ್ತೆಯಲ್ಲಿ ತಪ್ಪಾಗಬಹುದು.

ರಕ್ತಹೀನತೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. ಕುಟುಂಬ ಆರೋಗ್ಯ ಸಮೀಕ್ಷೆಯ ಅದೇ ಐದನೇ ಸುತ್ತಿನಂತೆ ರಾಜ್ಯದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತ ಕಡಿಮೆ. ತುಂಬು ರಕ್ತವಿದ್ದವಳು ತಡೆದುಕೊಳ್ಳುವ ಸ್ರಾವ ರಕ್ತಹೀನಳನ್ನು ಉರುಳಿಸುತ್ತದೆ. ಅವಳ ಪಾಲಿಗೆ ಆ ಎರಡು ತಾಸೂ ಸಿಗದಿರಬಹುದು.

ಸನ್ನಿ ಗೊತ್ತು, ಉಳಿದದ್ದು?

ಈಗ ಎರಡನೇ ಪ್ರಶ್ನೆ. ಕನ್ನಡದಲ್ಲಿ ‘ಬಾಣಂತಿ ಸನ್ನಿ’ ಎಂಬ ಮಾತು ಹಳೆಯದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಏನೇನೋ ಮಾತನಾಡಿ, ಮಗುವನ್ನೇ ಗುರುತಿಸದಂತಾಗುವ ಸ್ಥಿತಿ. ವೈದ್ಯರು ಇದನ್ನು ಪ್ರಸವೋತ್ತರ ಸೈಕೋಸಿಸ್ ಎನ್ನುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುವ ಇದು ತುರ್ತು ಚಿಕಿತ್ಸೆ ಬೇಡುವ ಕಾಯಿಲೆ. ಇನ್ನೊಂದು ತುದಿಯಲ್ಲಿ, ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಮೊದಲ ವಾರದಲ್ಲಿ ಬಂದು ಹೋಗುವ ಅಳು, ಕಿರಿಕಿರಿ ಇದೆ. ಎರಡು ವಾರದೊಳಗೆ ತಾನಾಗಿ ಇಳಿಯುವ ಅದಕ್ಕೆ ಔಷಧ ಬೇಡ, ನಿದ್ದೆ ಬೇಕು.

ಇವೆರಡರ ನಡುವೆ ಇರುವುದೇ ಖಿನ್ನತೆ; ಅದಕ್ಕೆ ನಮ್ಮಲ್ಲಿ ಮನೆಮಾತಿನ ಹೆಸರಿಲ್ಲ. ಹೆಸರಿಲ್ಲದ್ದು ಕಣ್ಣಿಗೂ ಬೀಳುವುದಿಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಇದು ಶೇ 22ರಷ್ಟು ತಾಯಂದಿರಿಗೆ ಬರುತ್ತದೆ. ಕಾರವಾರಕ್ಕೆ ಇನ್ನೂ ಹತ್ತಿರದ ಅಂಕಿ ಬೇಕಿದ್ದರೆ ಗೋವಾದ್ದಿದೆ: ಅಲ್ಲಿನ ಜಿಲ್ಲಾ ಆಸ್ಪತ್ರೆಯೊಂದರ ತಾಯಂದಿರ ಅಧ್ಯಯನ 2002ರಲ್ಲಿ ಪ್ರಕಟವಾಯಿತು, ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಖಿನ್ನತೆ ಕಂಡದ್ದು ಶೇ 23 ಮಂದಿಯಲ್ಲಿ. ಬಡತನ, ಗಂಡನ ಹೊಡೆತ, ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಇವು ಅಪಾಯ ಹೆಚ್ಚಿಸಿದ ಸಂಗತಿಗಳು. ಹಲವರಲ್ಲಿ ಸಂಕಟ ಬಸಿರಿನಲ್ಲೇ ಶುರುವಾಗಿತ್ತು. ಹಾರ್ಮೋನ್ ಏರುಪೇರು ಎಂದು ಎಲ್ಲವನ್ನೂ ಮೈಗೆ ಕಟ್ಟಿಬಿಡುವ ವಿವರಣೆ ಇಲ್ಲಿ ಸಾಲುವುದಿಲ್ಲ.

ಚಿಕಿತ್ಸೆ ಇಲ್ಲದ ಕಾಯಿಲೆ ಇದಲ್ಲ. ಹಗುರವಾಗಿದ್ದರೆ ಆಪ್ತಸಮಾಲೋಚನೆ ಸಾಕು. ತೀವ್ರವಾಗಿದ್ದರೆ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ವೈದ್ಯರ ಸಲಹೆ ಬೇಕು ಅಷ್ಟೆ. ರಕ್ತಹೀನತೆ, ಥೈರಾಯ್ಡ್ ದೋಷಗಳೂ ಇದೇ ಮಂಕನ್ನು ತರುವುದರಿಂದ ರಕ್ತಪರೀಕ್ಷೆ ಮೊದಲು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ–ಮಗು ಒಟ್ಟಿಗೆ ಇರುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕೂಡ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಮನೆಯಿಂದಲೇ ಮಾತನಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ದಿನದ 24 ತಾಸೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಕೇಳುವವರು ಯಾರು, ಕೇಳಿದ ಮೇಲೆ ಏನು?

ಖಿನ್ನತೆ ಗುರುತಿಸಲು ಹೆಚ್ಚು ಬಳಕೆಯಲ್ಲಿರುವುದು 1987ರಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕ. ಐದು ನಿಮಿಷದ ಕೆಲಸ. ಎಲ್ಲ ಬಾಣಂತಿಯರನ್ನೂ ಕೇಳಿಬಿಡಿ ಎನ್ನುವುದು ಒಂದು ಪಕ್ಷ. ಅಮೆರಿಕದ ತಜ್ಞರ ಸಮಿತಿ ಇದರ ಪರವಾಗಿದೆ. ಬ್ರಿಟನ್ನಿನ ತಪಾಸಣಾ ಸಮಿತಿ ಎಲ್ಲರಿಗೂ ಮಾಪಕ ಹಿಡಿಯುವುದನ್ನು ಒಪ್ಪಿಲ್ಲ. ಸೂಲಗಿತ್ತಿ, ವೈದ್ಯರು ಮಾತಿನ ನಡುವೆ ಎರಡು ಪ್ರಶ್ನೆ ಕೇಳಿ ಸಂಶಯ ಬಂದರೆ ಮುಂದುವರಿಯಲಿ ಎನ್ನುತ್ತದೆ ಅಲ್ಲಿನ ಮಾರ್ಗಸೂಚಿ.

ನಮ್ಮಲ್ಲಿ ಕೇಳಬಹುದಾದವರು ಆಶಾ ಕಾರ್ಯಕರ್ತೆ. ಹೆರಿಗೆಯಾದ 3, 7, 14, 21, 28, 42ನೇ ದಿನ ಅವರು ಮನೆಗೆ ಬರಬೇಕೆಂಬ ನಿಯಮ ಆಗಲೇ ಇದೆ. ಆ ಭೇಟಿ ಹೇಗಿರುತ್ತದೆ ನೋಡಿ. ಬಚ್ಚಲ ಹಂಡೆಯ ಬಿಸಿನೀರು ಆಗಷ್ಟೇ ಮುಗಿದಿದೆ, ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದ್ದಾಳೆ. ಆಶಾ ಚೀಲದಿಂದ ತೂಕದ ಜೋಲಿ ತೆಗೆದು ಮಗುವನ್ನು ತೂಗುತ್ತಾರೆ, ಥರ್ಮಾಮೀಟರ್ ಇಡುತ್ತಾರೆ, ಹೊಕ್ಕುಳು ನೋಡುತ್ತಾರೆ, ಫಾರಂ ತುಂಬುತ್ತಾರೆ. ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ. ಈ ಹೊತ್ತಿನಲ್ಲಿ ‘ನಿನಗೆ ಇತ್ತೀಚೆಗೆ ನಗು ಬರುತ್ತದೆಯೇ’ ಎಂದು ಕೇಳಿದರೆ ಯಾವ ಉತ್ತರ ಬಂದೀತು? ಮಾಪಕದ ಅಂಕ ಸೊನ್ನೆ ಬರುತ್ತದೆ. ಅದು ಆರೋಗ್ಯದ ಗುರುತಲ್ಲ, ಬಾಗಿಲಲ್ಲಿ ನಿಂತವರ ಗುರುತು. ಮನೆಮಾತು ಕೊಂಕಣಿಯೋ ಭಟ್ಕಳದ ಕಡೆಯ ನವಾಯತಿಯೋ ಆಗಿದ್ದರೆ ಪುಸ್ತಕದ ಕನ್ನಡದ ಪ್ರಶ್ನೆ ಇನ್ನೂ ದೂರ ಉಳಿಯುತ್ತದೆ.

ತವರಿನ ತೊಡಕು ಬೇರೆ. ತಾಯಿ ಕಾರ್ಡ್ ಕುಮಟೆಯ ಗಂಡನ ಊರಿನದು, ಬಾಣಂತನ ಶಿರಸಿಯ ತವರಿನಲ್ಲಿ. ಕುಮಟೆಯ ಆಶಾಗೆ ಬಾಣಂತಿ ಕೈಗೆ ಸಿಗುವುದಿಲ್ಲ, ಶಿರಸಿಯ ಆಶಾಳ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲದಿರಬಹುದು. ತವರಿನ ಆರೈಕೆಯೇ ಖಿನ್ನತೆಗೆ ಒಳ್ಳೆಯ ತಡೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಸರ್ಕಾರಿ ಕಣ್ಣಿಗೆ ಅವಳು ತಪ್ಪಿಹೋಗುವುದೂ ಆ ದಿನಗಳಲ್ಲೇ, ಮತ್ತು ಐದನೇ ತಿಂಗಳಿಗೆ ಗಂಡನ ಮನೆಗೆ ಮರಳಿ ಒಲೆ ಮುಂದೆ ನಿಂತಾಗ ಯಾವ ಭೇಟಿಯೂ ಅವಳಿಗಾಗಿ ಇರುವುದಿಲ್ಲ.

ಆಶಾಗಳ ಆಕ್ಷೇಪವನ್ನೂ ಕೇಳಿಸಿಕೊಳ್ಳಬೇಕು. ಆರೂ ಭೇಟಿ ಮುಗಿಸಿದರೆ ಕೇಂದ್ರ ನಿಗದಿಪಡಿಸಿದ ಪ್ರೋತ್ಸಾಹಧನ 250 ರೂಪಾಯಿ. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂತವರು ಅವರು. ಅವರ ಚೀಲಕ್ಕೆ ಇನ್ನೊಂದು ಫಾರಂ ತುರುಕುವುದು ಸುಲಭ. ಅವರು ಗುರುತಿಸಿದ ತಾಯಿಯನ್ನು ಕಳಿಸುವುದೆಲ್ಲಿಗೆ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವಂತೆ ರೂಪಿಸಿದ ‘ಮನೋಚೈತನ್ಯ’ ಇದೆ, ದೂರಕ್ಕೆ ಧಾರವಾಡದ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೆರಿಗೆ ಮುಗಿದ ಮೂರನೇ ವಾರದಲ್ಲಿ ಕೂಸು ಕಟ್ಟಿಕೊಂಡು ಘಟ್ಟ ಇಳಿದು ‘ಹುಚ್ಚಿನ ಡಾಕ್ಟರ’ ಕೋಣೆಯ ಮುಂದೆ ಸರದಿಯಲ್ಲಿ ಕೂರಲು ಎಷ್ಟು ಮನೆಗಳು ಒಪ್ಪುತ್ತವೆ? ಚಿಕಿತ್ಸೆಯ ದಾರಿ ಇಲ್ಲದ ತಪಾಸಣೆಯಿಂದ ಸಿಗುವುದು ಬರೀ ಪಟ್ಟಿ.

ದಾರಿ ಇಲ್ಲವೆಂದಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೇ ಸಮಾಲೋಚನೆಯ ತರಬೇತಿ ಕೊಟ್ಟ ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಅವರ ಆರೈಕೆ ಪಡೆದವರಲ್ಲಿ ಶೇ 23, ಪಡೆಯದವರಲ್ಲಿ ಶೇ 53. ಅದೇ ಕ್ರಮವನ್ನು ಗೋವಾದಲ್ಲಿ ಸಂಗಾತ್ ಸಂಸ್ಥೆ ಊರಿನ ಸಾಮಾನ್ಯ ತಾಯಂದಿರ ಮೂಲಕವೇ ಮಾಡಿಸಿತು. 2019ರಲ್ಲಿ ಬಂದ ಫಲಿತಾಂಶ ಅಷ್ಟು ದೊಡ್ಡದಲ್ಲ, ಸಾಧಾರಣ. ಆದರೂ ಕಾಳಿ ದಾಟಿದರೆ ಸಿಗುವ ಅನುಭವ ಅದು, ಭಾಷೆಯೂ ಕಾರವಾರದವರಿಗೆ ಹೊಸದಲ್ಲ. ಇನ್ನೂ ವಿಚಿತ್ರವೆಂದರೆ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ನಡೆದ ಜಿಲ್ಲೆ ಬಳ್ಳಾರಿ.

ತಹಶೀಲ್ದಾರರ ಕಡತದಲ್ಲಿ

ಖಿನ್ನತೆಗೂ ತಾಯಿ ಮರಣಕ್ಕೂ ಇರುವ ನೇರ ಕೊಂಡಿ ಆತ್ಮಹತ್ಯೆ. ಬಸಿರು–ಬಾಣಂತನದ ಆತ್ಮಹತ್ಯೆಯನ್ನು ನೇರ ತಾಯಿ ಮರಣವೆಂದೇ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಕೇರಳದಲ್ಲಿ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಪ್ರತಿ ತಾಯಿ ಮರಣವನ್ನು ಹೆಸರು ಮುಚ್ಚಿಟ್ಟು ಪರಿಶೀಲಿಸುತ್ತ ಬಂದಿದೆ. ರಕ್ತಸ್ರಾವದ ಸಾವು ತಗ್ಗಿದಂತೆ ಪಟ್ಟಿಯಲ್ಲಿ ಎದ್ದು ಕಂಡ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದು. ಕೇರಳದ ದಾರಿಯಲ್ಲಿ ನಡೆಯುವ ರಾಜ್ಯಕ್ಕೆ ನಾಳೆ ಎದುರಾಗುವುದೂ ಇದೇ.

ನಮ್ಮಲ್ಲಿ ಅಂಥ ಸಾವು ಹೋಗುವ ಹಾದಿ ಬೇರೆ. ಪೊಲೀಸರು ಅಸ್ವಾಭಾವಿಕ ಸಾವು ಎಂದು ದಾಖಲಿಸುತ್ತಾರೆ. ಮದುವೆಯಾಗಿ ಏಳು ವರ್ಷದೊಳಗಾಗಿದ್ದರೆ ತಹಶೀಲ್ದಾರರು ಬಂದು ಮಹಜರು ಮಾಡುತ್ತಾರೆ, ವರದಕ್ಷಿಣೆಯ ಪ್ರಶ್ನೆ ಕೇಳುತ್ತಾರೆ. ಕೇಳಬೇಕಾದದ್ದೇ. ‘ಹೆರಿಗೆಯಾಗಿ ಎಷ್ಟು ದಿನವಾಯಿತು’ ಎಂಬ ಪ್ರಶ್ನೆ ಆ ಕಡತಕ್ಕೆ ಮುಖ್ಯವಲ್ಲ, ಆರೋಗ್ಯ ಇಲಾಖೆಗೆ ಆ ಕಡತ ತನ್ನದಲ್ಲ. ಸಾವು ಮೂರನೇ ತಿಂಗಳಿನಲ್ಲಾದರೆ 42 ದಿನದ ಗೆರೆಯೂ ದಾಟಿಹೋಗಿರುತ್ತದೆ. ಹೀಗೆ ತಾಯಿ ಮರಣದ ಅಂಕಿ ಇಳಿದೂ ತಾಯಂದಿರು ಸಾಯುವುದು ಸಾಧ್ಯ.

ಮುಂದೆ ನೋಡಬೇಕಾದದ್ದು

ತಜ್ಞರ ಮರುಹಂಚಿಕೆ ಪೂರ್ತಿಯಾದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಂಖ್ಯೆ ಏರುತ್ತದೆ, ಊರಿಂದೂರಿಗೆ ಚೀಟಿ ಹಿಡಿದು ಅಲೆಯುವುದು ತಗ್ಗಬೇಕು. ತಗ್ಗಿತೇ ಎಂಬುದನ್ನು ವರ್ಷದ ಸರಾಸರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರಿನ ದಾಖಲೆಗಳಲ್ಲಿ ಹುಡುಕಬೇಕು. ರಕ್ತ ಸಂಗ್ರಹ ಘಟಕ ಇಲ್ಲದ ಕಡೆ ಮೂವರು ತಜ್ಞರನ್ನು ಕೂರಿಸಿದರೂ ಫಲ ಅರ್ಧ. ಸಿಸೇರಿಯನ್ ಹೆಚ್ಚಿದಂತೆ ಬಳ್ಳಾರಿಯಲ್ಲಿ ಪ್ರಶ್ನೆಗೆ ಬಂದ ದ್ರಾವಣದಂಥ ಪದಾರ್ಥಗಳ ಬಳಕೆಯೂ ಹೆಚ್ಚುವುದರಿಂದ ಔಷಧ ಪರೀಕ್ಷೆ ಬಿಗಿಯಾಗದೆ ಗತ್ಯಂತರವಿಲ್ಲ.

ಮನಸ್ಸಿನ ವಿಷಯದಲ್ಲಿ ದೊಡ್ಡ ಯೋಜನೆಗಿಂತ ಸಣ್ಣ ಬದಲಾವಣೆಗಳೇ ಮೊದಲು ಆಗಬಹುದಾದವು. ತಾಯಿ ಕಾರ್ಡ್‌ನಲ್ಲಿ ತವರಿನ ವಿಳಾಸ ಮತ್ತು ಅಲ್ಲಿನ ಆಶಾಳ ಫೋನ್ ಸಂಖ್ಯೆಗೆ ಒಂದು ಸಾಲು. ಲಸಿಕೆ ಹಾಕಿಸಲು ಅಂಗನವಾಡಿಗೆ ಬಂದ ತಾಯಿಯನ್ನು ಐದು ನಿಮಿಷ ಪಕ್ಕಕ್ಕೆ ಕರೆದು, ಅತ್ತೆ ಇಲ್ಲದ ಕಡೆ ಎರಡು ಪ್ರಶ್ನೆ. ತಹಶೀಲ್ದಾರರ ಮಹಜರಿನ ನಮೂನೆಯಲ್ಲಿ ‘ಕಳೆದ ಒಂದು ವರ್ಷದಲ್ಲಿ ಹೆರಿಗೆಯಾಗಿತ್ತೇ’ ಎಂಬ ಕಾಲಂ, ಹೌದಾದರೆ ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ. ಸದ್ಯಕ್ಕೆ 42ನೇ ದಿನದ ಭೇಟಿ ಮುಗಿಸಿದ ಆಶಾ ಆ ಮನೆಗೆ ಯೋಜನೆಯಂತೆ ಮತ್ತೆ ಬರುವುದು ಮೂರನೇ ತಿಂಗಳಿಗೆ. ಬರುವುದು ಮಗುವಿಗಾಗಿ.